ಮಿಡತೆಯ ಕೊನೆಯ ಬೋರು

ಗಂಗಾವತಿಯ ಮೆಕ್ಯಾನಿಕ್ಕುಗಳಲ್ಲಿ ಒಂದು ಪದ್ಧತಿ ಇತ್ತು. ನನ್ನ ಲೇತ್ ಅಂಗಡಿಯಲ್ಲಿ ಇಂಜಿನ್ನಿನ ಸಿಲಿಂಡರ್ ಕೊರೆದು ಮುಗಿದ ಮೇಲೂ ಅದನ್ನು ಯಾರೂ ಹಾಗೇ ಒಯ್ಯುತ್ತಿರಲಿಲ್ಲ. "ಉಸ್ತಾದರ ಬೆರಳು ಆತೇನು?" ಎಂದು ಕೇಳುತ್ತಿದ್ದರು. ಉಸ್ತಾದ್ ಎಂದರೆ ಮೆಹಬೂಬಸಾಬರು. ನನ್ನದರಿಂದ ನಾಲ್ಕನೇ ಶಟರ್ ಅವರದು. ನಲವತ್ತು ವರ್ಷ ಟೂ ಸ್ಟ್ರೋಕ್ ಇಂಜಿನ್ನುಗಳನ್ನು ಬಿಚ್ಚಿ ಕಟ್ಟಿದವರು. ಅವರು ಬಂದು, ಬಲಗೈಯ ತೋರುಬೆರಳನ್ನು ಅಂಗಿಗೆ ಒರೆಸಿಕೊಂಡು, ಸಿಲಿಂಡರಿನ ಒಳಗೋಡೆಯ ಮೇಲೆ ಒಂದು ಸುತ್ತು ಆಡಿಸಿ "ಬಸ್" ಅಂದರೆ ಕೆಲಸ ಮುಗಿದಂತೆ. "ಇನ್ನ ಸ್ವಲ್ಪ" ಅಂದರೆ ನಾನು ಮತ್ತೆ ಯಂತ್ರ ಹಚ್ಚಬೇಕು. ಸಿದ್ದಾಪುರದವರು, ಕುಷ್ಟಗಿಯವರು, ಅಷ್ಟು ದೂರದ ಯಲಬುರ್ಗಾದವರು ಕೂಡ ಆ ಒಂದು ಬೆರಳಿಗಾಗಿ ಅರ್ಧ ದಿನ ಕಾಯ್ದದ್ದುಂಟು.

ನನಗೆ ಮೊದಮೊದಲು ಇದರ ಮೇಲೆ ಸಿಟ್ಟಿತ್ತು. ನಾನು ಐಟಿಐ ಓದಿದವನು. ಒಂದು ಕೂದಲನ್ನು ಉದ್ದಕ್ಕೆ ಏಳು ಪಾಲು ಸೀಳಿದರೆ ಒಂದು ಪಾಲು ಎಷ್ಟು ದಪ್ಪವೋ ಅಷ್ಟಕ್ಕೆ ನಮ್ಮ ಕಸುಬಿನಲ್ಲಿ ಒಂದು ಪಾಯಿಂಟ್ ಅನ್ನುತ್ತೇವೆ. ಆ ಒಂದು ಪಾಯಿಂಟನ್ನೂ ತೋರಿಸುವ ಡಯಲ್ ಗೇಜ್ ನನ್ನ ಹತ್ತಿರ ಇದೆ. ಗೇಜ್ ಇರುವವನಿಗೆ ಬೆರಳಿನ ಹಂಗೇಕೆ? ಆದರೆ ಉಸ್ತಾದರು ಬರುವುದು ಕಂಡರೆ ಸಾಕು, ನಾನು ಆ ಗೇಜನ್ನು ಡ್ರಾಯರಿಗೆ ತಳ್ಳಿ ಮುಚ್ಚಿಬಿಡುತ್ತಿದ್ದೆ. ಇಪ್ಪತ್ತು ವರ್ಷದ ಹಿಂದೆ ಅಂಗಡಿ ತೆರೆದು ಮೂರು ತಿಂಗಳು ನೊಣ ಹೊಡೆಯುತ್ತ ಕೂತಿದ್ದ ನನಗೆ ಮೊದಲನೇ ಸಿಲಿಂಡರ್ ತಂದುಕೊಟ್ಟವರು ಅವರು. ಅವರೆದುರು ಗೇಜ್ ಹಿಡಿಯುವುದೆಂದರೆ ಅವ್ವ ಅನ್ನ ಬಡಿಸುವಾಗ ತಕ್ಕಡಿ ತಂದಿಟ್ಟ ಹಾಗಾಗುತ್ತಿತ್ತು. ಅವರು ಬರುವ ಮೊದಲೇ ನಾನು ಗೇಜಿನಲ್ಲಿ ಅಳೆದಿರುತ್ತಿದ್ದೆ. ಅವರ ಬೆರಳು ಯಾವತ್ತೂ ನನ್ನ ಗೇಜಿಗೆ ಎದುರಾಡಲಿಲ್ಲ. ಹೀಗಾಗಿ ಇಬ್ಬರ ಮರ್ಯಾದೆಯೂ ಉಳಿದಿತ್ತು.

ಕಳೆದ ಮೂರ್ನಾಲ್ಕು ವರ್ಷಗಳಿಂದ ಟೂ ಸ್ಟ್ರೋಕ್ ಗಾಡಿಗಳು ಕಮ್ಮಿಯಾದವು. ಉಸ್ತಾದರ ಅಂಗಡಿಯಲ್ಲಿ ಕೆಲಸ ಇಳಿಯಿತು. ಅವರ ಹೆಂಡತಿ ನೂರಜಾನಬಿ ಮೊಮ್ಮಗಳನ್ನು ನೋಡಿಕೊಳ್ಳಲು ಕೊಪ್ಪಳಕ್ಕೆ, ಮಗಳ ಮನೆಗೆ ಹೋದರು. ಇವರು ಮಾತ್ರ "ಶಟರ್ ಇಳಿಸಿದ್ರ ಉಸಿರು ನಿಂತ ಹಂಗ" ಎಂದು ಇಲ್ಲೇ ಉಳಿದರು. ಮಗಳು ಸಬೀನಾ ಕೊಪ್ಪಳದಲ್ಲಿ ನರ್ಸು. ಹೋದ ಅಕ್ಟೋಬರಿನ ಒಂದು ಭಾನುವಾರ ಅವಳು ನೇರ ನನ್ನ ಅಂಗಡಿಗೇ ಬಂದಳು.

"ಗವಿ ಅಣ್ಣಾರ, ಅಬ್ಬಾನ ಕೈ ನೋಡೀರೇನ್ರಿ?" ಎಂದಳು. "ಬಿಸಿ ಸೈಲೆನ್ಸರ್ ಮ್ಯಾಲೆ ಅಂಗೈ ಊರ್ಯಾರ. ಚರ್ಮ ಸುಟ್ಟ ವಾಸನಿ ಬಂದ ಮ್ಯಾಲೆ ಗೊತ್ತಾಗೇತಿ ಅವರಿಗೆ. ಸಕ್ರಿ ಕಾಯಿಲಿಗೆ ನರ ಸತ್ತ್ ಹೋಗಾಕತ್ತಾವ. ನಾ ಸೂಜಿ ಚುಚ್ಚಿ ನೋಡಿದ್ರ, ಚುಚ್ಚಿದ್ದ ಗೊತ್ತಾಗಲಿಲ್ಲ."

"ಬಲಗೈಯಾಗನೂ ಏನ್ ತಂಗಿ?"

"ಎರಡರಾಗನೂರಿ. ಇಂಥ ಕೈಗೆ ಗಾಯ ಆದ್ರ ಮಾಯಂಗಿಲ್ಲ. ನಮ್ಮ ವಾರ್ಡಿನಾಗ ದಿನಾ ನೋಡ್ತೀನಿ. ಮೊದಲ ಬೆರಳು ಹೋಗತೈತಿ, ಆಮ್ಯಾಲೆ ಕೈ." ಅವಳ ಕಣ್ಣು ತುಂಬಿದ್ದವು. "ಅಂಗಡಿ ಬಂದ್ ಮಾಡ್ರಿ ಅಂದ್ರ ಕೇಳವಲ್ರು. ಕಡೀಕ ಒಂದು ಕರಾರ ಆಗೇತಿ. ಆ ಮಿಡತಿ ಇಂಜಿನ್ ಕಟ್ತಾರಂತ. ಅದು ಹೇಮಗುಡ್ಡಕ್ಕ ಹೋಗಿ ವಾಪಸ್ ಬಂದ್ರ, ಅವರು ಇನ್ನೂ ಮೆಕ್ಯಾನಿಕ್, ಅಂಗಡಿ ಇರ್ಲಿ, ನಾ ಬಾಯಿ ಮುಚ್ಚಬೇಕು. ನಡುವ ನಿಂತ್ರ ಅವರ ಕೈ ಹೋಗೇತಿ ಅಂತ ಅವರ ಒಪ್ಪಿ, ಕೀಲಿ ಹಾಕಿ ನನ್ನ ಜೋಡಿ ಬರಬೇಕು."

ಮಿಡತೆ ಅಂದರೆ ಒಂದು ಹಳದಿ ಡರ್ಟ್ ಬೈಕು. ಆನೆಗುಂದಿಯ ಕಡೆ ಬಿಡಾರ ಹೂಡಿದ್ದ ಪರದೇಶಿಯೊಬ್ಬ ತೊಂಬತ್ತಾರರಲ್ಲಿ ಊರಿಗೆ ಹೋಗುವಾಗ ಉಸ್ತಾದರಿಗೆ ಕೊಟ್ಟು ಹೋಗಿದ್ದ ಜಪಾನಿನ ಗಾಡಿ. ನಂಬರ್ ಪ್ಲೇಟಿಲ್ಲ, ಕಾಗದವಿಲ್ಲ, ರಸ್ತೆಯ ಮೇಲೆ ಓಡಿಸುವಂತಿಲ್ಲ. ಭತ್ತ ಕೊಯ್ದ ಮೇಲೆ ಸಿದ್ದಾಪುರದ ಸುತ್ತಿನ ಬಯಲಿನಲ್ಲಿ ಉಸ್ತಾದರು ಅದನ್ನು ಓಡಿಸುತ್ತಿದ್ದರು. ಬದುವಿನಿಂದ ಬದುವಿಗೆ ಹಾರುವುದು ನೋಡಿ ಜನ ಅದಕ್ಕೆ ಮಿಡತೆ ಎಂದು ಹೆಸರಿಟ್ಟರು. ಎಂಟು ವರ್ಷದ ಹಿಂದೆ ಇಂಜಿನ್ ಹಿಡಿದುಕೊಂಡು ನಿಂತದ್ದು, ತಾಡಪತ್ರಿಯ ಅಡಿಯಲ್ಲಿ ಹಾಗೇ ಇತ್ತು.

ಅದರ ಕಷ್ಟ ನನಗೆ ಗೊತ್ತಿತ್ತು. ಪ್ರತಿ ಸಲ ಸಿಲಿಂಡರ್ ಸವೆದಾಗ ಅದನ್ನು ಸ್ವಲ್ಪ ಅಗಲಕ್ಕೆ ಕೊರೆದು ಸ್ವಲ್ಪ ದೊಡ್ಡ ಪಿಸ್ಟನ್ ಹಾಕುತ್ತೇವೆ. ಅದಕ್ಕೇ ಬೋರು ಅನ್ನುವುದು. ಹೀಗೆ ನಾಲ್ಕು ಸಲ ಕೊರೆಯಬಹುದು. ಆಮೇಲೆ ಗೋಡೆ ತೆಳ್ಳಗಾಗಿ ಸಿಲಿಂಡರ್ ಗುಜರಿ ಪಾಲು. ಮಿಡತೆಗೆ ಮೂರು ಬೋರು ಮುಗಿದಿದ್ದವು. ಇನ್ನು ಉಳಿದದ್ದು ಒಂದೇ. ಬೇರೆ ಸಿಲಿಂಡರ್ ಈ ಸೀಮೆಯಲ್ಲಂತೂ ಇಲ್ಲ, ಹೈದರಾಬಾದಿನಲ್ಲೂ ಹುಡುಕಿಸಿ ಸಿಕ್ಕಿರಲಿಲ್ಲ.

ನವೆಂಬರಿನಲ್ಲಿ ಹೈದರಾಬಾದಿನ ಹಳೆ ಸಾಮಾನಿನ ಬಜಾರದಿಂದ ಒಂದು ಪಿಸ್ಟನ್ ಬಂತು. ಪೆಟ್ಟಿಗೆಯ ಮೇಲೆ ಹೆಸರಿಲ್ಲ, ಒಳಗೆ ಚೀಟಿಯಿಲ್ಲ. ಉಸ್ತಾದರು ಅದನ್ನು ನನ್ನ ಅಂಗಡಿಗೆ ತಂದು, ಸೂತಳಿಯಲ್ಲಿ ತೂಗುಹಾಕಿ, ನಟ್ಟು ಬಿಚ್ಚುವ ಪಾನಾದಿಂದ ಮೆಲ್ಲಗೆ ಬಡಿದು ಕಿವಿ ಕೊಟ್ಟು ಕೇಳಿದರು. ಮತ್ತೊಮ್ಮೆ ಬಡಿದರು. ಮುಖದಲ್ಲಿ ನಗು ಬಂತು.

"ಛಲೋ ಮಾಲು ಐತಿ ಗವಿ," ಎಂದರು.

ನಾನು ನಕ್ಕು ತಲೆಯಾಡಿಸಿದೆ. ಮುದುಕರು ಕುಂಬಳಕಾಯಿ ಬಡಿದು ನೋಡುವಂತೆ ಪಿಸ್ಟನ್ ಬಡಿಯುತ್ತಿದ್ದಾರಲ್ಲ ಅಂದುಕೊಂಡೆ, ಅಷ್ಟೇ. ಯಾಕೆ ಬಡಿದಿರಿ, ಏನು ಕೇಳಿಸಿತು ಎಂದು ಕೇಳಲಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಅವರನ್ನು ಏನನ್ನೂ ಕೇಳಿದವನಲ್ಲ. ಕೇಳಿದರೆ ಅವರ ಮಾತಿನ ಮೇಲೆ ಅನುಮಾನ ಪಟ್ಟಂತೆ ಆಗುತ್ತದೆಂದು ಅವರು ಹೇಳಿದ್ದಕ್ಕೆಲ್ಲ "ಹೂಂ ಉಸ್ತಾದ್ರ" ಅನ್ನುವುದನ್ನೇ ಮರ್ಯಾದೆ ಎಂದು ತಿಳಿದಿದ್ದೆ.

ಬೋರು ಮಾಡಿದ ದಿನ ಗುರುವಾರ. ಬೆಳಿಗ್ಗೆಯಿಂದ ಬೇರೆ ಕೆಲಸ ಮುಟ್ಟಲಿಲ್ಲ. ಕೊರೆದಾದ ಮೇಲೆ ಹೋನ್ ಹಚ್ಚಿದೆ. ಹೋನ್ ಅಂದರೆ ಮೂರು ಸಾಣೆಕಲ್ಲು ಕಟ್ಟಿದ ಒಂದು ಕಡ್ಡಿ. ಅದನ್ನು ತಿರುಗಿಸುತ್ತ ಮೇಲೆ ಕೆಳಗೆ ಆಡಿಸಿದರೆ ಸಿಲಿಂಡರಿನ ಗೋಡೆ ನಯವಾಗುತ್ತ ಚೂರು ಚೂರೇ ಅಗಲವಾಗುತ್ತದೆ. ಪಿಸ್ಟನ್ ಬಿಸಿಯಾದಾಗ ಉಬ್ಬಲು ಗೋಡೆಗೂ ಅದಕ್ಕೂ ನಡುವೆ ಇಷ್ಟೇ ಎಡೆ ಬಿಡಬೇಕೆಂದು ಲೆಕ್ಕವಿದೆ. ಈ ಅಳತೆಯ ಇಂಜಿನ್ನಿಗೆ ಐದು ಪಾಯಿಂಟ್. ಗೇಜ್ ಹಾಕಿ ನೋಡಿದೆ. ಸರಿಯಾಗಿ ಐದು. ಇಂಥ ಕೆಲಸ ನಾನು ಹಿಂದೆ ಮಾಡಿರಲಿಲ್ಲ. ನನ್ನ ಬೆನ್ನು ನಾನೇ ಚಪ್ಪರಿಸಿಕೊಳ್ಳಬೇಕೆನಿಸಿತು.

ಗೇಜ್ ಡ್ರಾಯರಿಗೆ ಹೋಯಿತು. ಉಸ್ತಾದರು ಬಂದರು. ತೋರುಬೆರಳು ಅಂಗಿಗೆ ಒರೆಸಿ ಒಳಗೆ ಇಳಿಸಿದರು. ನನ್ನ ಕಡೆಗೊಮ್ಮೆ ನೋಡಿ ನಿಧಾನಕ್ಕೆ ಒಂದು ಸುತ್ತು ಆಡಿಸಿದರು. ಗಾಳಿ-ಪೆಟ್ರೋಲು ಒಳಬರುವ ಕಿಂಡಿಗಳ ಅಂಚನ್ನು ನಾನಿನ್ನೂ ಉಜ್ಜಿರಲಿಲ್ಲ. ಹೊಸದಾಗಿ ಕೊರೆದ ಆ ಅಂಚು ಬ್ಲೇಡಿನಂತೆ ಹರಿತ. ಉಸ್ತಾದರ ಬೆರಳು ಅದರ ಮೇಲೆ ಹಾದುಹೋಯಿತು. ಅವರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಸಿಲಿಂಡರಿನ ಹೊಳೆಯುವ ಗೋಡೆಯ ಮೇಲೆ ಸುತ್ತಲೂ ರಕ್ತದ ಒಂದು ಕೆಂಪು ಗೆರೆ ಮೂಡಿತು.

"ಇನ್ನ ಹತ್ತು ಸಲ ಆಡಸು," ಎಂದರು.

"ಉಸ್ತಾದ್ರ, ಬೆರಳಿಗೆ ಎಣ್ಣಿ ಹತ್ತೈತಿ, ಒರಸ್ಕೊಳ್ರಿ" ಎಂದು ಬಟ್ಟೆ ಕೊಟ್ಟು, ಅವರು ನೋಡುವ ಮೊದಲೇ ನಾನೇ ಆ ಬೆರಳನ್ನು ಬಟ್ಟೆಯಲ್ಲಿ ಸುತ್ತಿ ಒತ್ತಿಹಿಡಿದೆ. ಅವರು ಸುಮ್ಮನೆ ಹಿಡಿಸಿಕೊಂಡು ನಿಂತರು. ಚರ್ಮ ಕೊಯ್ದದ್ದು ಗೊತ್ತಾಗದ ಬೆರಳಿಗೆ ಕೂದಲಿನ ಏಳನೇ ಪಾಲು ಗೊತ್ತಾಗುತ್ತದೆಯೇ? ಸಬೀನಾ ಹೇಳಿದ್ದು ನಿಜ. ಈ ಬೆರಳು ಸತ್ತಿತ್ತು.

ಈಗ ನಾನೇನು ಮಾಡಬೇಕಿತ್ತು? "ಉಸ್ತಾದ್ರ, ಗೇಜಿನಾಗ ಐದು ಬಂದೈತಿ, ಇನ್ನ ಹತ್ತು ಸಲ ಆಡಿಸಿದ್ರ ಏಳಾಗತೈತಿ, ಲೂಜ್ ಆಗತೈತಿ" ಎಂದು ಹೇಳಬೇಕಿತ್ತು. ಬಾಯಿ ಏಳಲಿಲ್ಲ. ಹಾಗಂತ ಅವರ ಮಾತು ಕೇಳಿ ಹೋನ್ ಆಡಿಸಲೂ ಮನಸ್ಸಾಗಲಿಲ್ಲ. ಅದು ಕೊನೆಯ ಬೋರು. ಕೆಟ್ಟರೆ ಅಂಗಡಿ ಹೋಗುತ್ತದೆ, ಅಂಗಡಿ ಹೋದರೆ ಉಸ್ತಾದರೇ ಹೋಗುತ್ತಾರೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಅಂಥದೊಂದು ಬುದ್ಧಿ ಹೊಳೆಯಿತು. "ಕಲ್ಲಿನ ಧೂಳಿ ಬರತೈತಿ, ನೀವು ಹೊರಗ ಕುಂಡ್ರಿ" ಎಂದು ಅವರನ್ನು ಬಾಗಿಲಾಚೆಯ ಬೆಂಚಿನ ಮೇಲೆ ಕೂರಿಸಿದೆ. ಮೂಲೆಯಲ್ಲಿ ಒಂದು ಗುಜರಿ ಸಿಲಿಂಡರ್ ಬಿದ್ದಿತ್ತು. ಅದನ್ನು ಯಂತ್ರಕ್ಕೆ ಕಟ್ಟಿ, ಹೋನ್ ಇಳಿಸಿ, ಮೇಲೆ ಕೆಳಗೆ ಹತ್ತು ಸಲ ಆಡಿಸಿದೆ. ಸದ್ದು ಅದೇ. ಹೊರಗಿನಿಂದ ಉಸ್ತಾದರು ಒಂದೊಂದೇ ಎಣಿಸುವುದು ಕೇಳಿಸುತ್ತಿತ್ತು. ಮಿಡತೆಯ ಸಿಲಿಂಡರನ್ನು ಕಿಂಡಿಯ ಅಂಚು ಉಜ್ಜಿ, ಒರೆಸಿ, ಎಣ್ಣೆ ಹಚ್ಚಿ ಮತ್ತೆ ಅವರ ಮುಂದಿಟ್ಟೆ.

ಅವರು ಎಡಗೈಯ ಬೆರಳು ಇಳಿಸಿ ಒಂದು ಸುತ್ತು ಹಾಕಿದರು. ನನ್ನ ಮುಖ ನೋಡಿದರು.

"ಬಸ್. ಈಗ ಬರೋಬ್ಬರಿ ಆತು."

ಗುರುವಿಗೇ ತಿರುಮಂತ್ರ ಹಾಕಿದ್ದೆ. ನಾಚಿಕೆಯೂ ಆಯಿತು, ಒಂದು ಥರದ ಸಮಾಧಾನವೂ ಆಯಿತು. ಮಿಡತೆ ಓಡುತ್ತದೆ, ಉಸ್ತಾದರು ತಮ್ಮ ಬೆರಳೇ ಓಡಿಸಿತೆಂದು ತಿಳಿಯುತ್ತಾರೆ, ಇನ್ನು ಮುಂದೆಯೂ ಅವರ ಬೆರಳಿನ ಹಿಂದೆ ನನ್ನ ಗೇಜು ಇದ್ದೇ ಇರುತ್ತದೆ. ಯಾರಿಗೇನು ನಷ್ಟ? ಅವತ್ತು ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚೇ ಉಂಡೆ.

ಇಂಜಿನ್ ಕಟ್ಟಲು ಉಸ್ತಾದರಿಗೆ ಒಂಬತ್ತು ದಿನ ಬೇಕಾಯಿತು. ಮೊದಲಾಗಿದ್ದರೆ ಒಂದೂವರೆ ದಿನದ ಕೆಲಸ. ಸಣ್ಣ ಕ್ಲಿಪ್ಪುಗಳು ಅವರ ಬೆರಳಿನಿಂದ ಜಾರಿ ಬೀಳುತ್ತಿದ್ದವು. ಬಿದ್ದದ್ದು ಅವರಿಗೆ ತಿಳಿಯುತ್ತಿರಲಿಲ್ಲ, ಸದ್ದು ಕೇಳಿ ಹುಡುಕುತ್ತಿದ್ದರು. ನಟ್ಟು ಎಷ್ಟು ಬಿಗಿಯಾಯಿತೆಂದು ಕೈಗೆ ಹತ್ತದೆ ಕಣ್ಣಿನಿಂದ ಸುತ್ತು ಎಣಿಸುತ್ತಿದ್ದರು. ನಾನು ಹತ್ತಿರ ಹೋದರೆ "ಸರಿ ಆಚಿ" ಎಂದು ಗದರುತ್ತಿದ್ದರು. ಒಂದು ಮಧ್ಯಾಹ್ನ ನೋಡಿದೆ, ಪಿಸ್ಟನ್ನಿನ ಪಿನ್ನು ಕೂರಿಸಲು ಹೆಣಗಿ ಹೆಣಗಿ, ಕೊನೆಗೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಅವನ್ನೇ ನೋಡುತ್ತ ಕೂತಿದ್ದರು. ಒಳಗೆ ಹೋಗಬೇಕೆನಿಸಿತು. ಹೋಗಿದ್ದರೆ ಆ ಕೈಗಳನ್ನು ನಾನು ನೋಡಿದೆನೆಂದು ಅವರಿಗೆ ಗೊತ್ತಾಗುತ್ತಿತ್ತು. ಹಾಗೇ ತಿರುಗಿ ಬಂದೆ.

ಡಿಸೆಂಬರಿನ ಎರಡನೇ ಭಾನುವಾರ ಬೆಳಿಗ್ಗೆ ಮಿಡತೆಗೆ ಕಿಕ್ ಹೊಡೆದದ್ದು ನಾನು. ಉಸ್ತಾದರ ಪಾದಗಳಲ್ಲೂ ಬಲವಿರಲಿಲ್ಲ. ನಾಲ್ಕನೇ ಕಿಕ್ಕಿಗೆ ಇಂಜಿನ್ ಹತ್ತಿತು. ನೀಲಿ ಹೊಗೆ ಬಂತು. ಆ ಸದ್ದಿಗೆ ಅಕ್ಕಪಕ್ಕದ ಅಂಗಡಿಯವರೆಲ್ಲ ಹೊರಬಂದರು. ಸಬೀನಾ ಕೂಡ ಬಂದಿದ್ದಳು. ಅಪ್ಪನ ಮುಖ ನೋಡಿ, ಬೇಡಬೇಡವೆಂದರೂ ಅವಳಿಗೆ ನಗು ಬಂತು.

"ಅಬ್ಬಾ, ನೀವು ಹಿಂದ ಕುಂಡ್ರಬ್ಯಾಡ್ರಿ," ಎಂದಳು.

"ನಾ ಕುಂತ್ರ ಇಂಜಿನ್ ಮಾತು ಕೇಳಸತೈತಿ. ಇವ ಕೈ ಆಡಸ್ತಾನ, ನಾ ಕಿವಿ ಕೊಡ್ತೀನಿ," ಎಂದು ಉಸ್ತಾದರು ನನ್ನ ಬೆನ್ನ ಹಿಂದೆ ಹತ್ತಿ ಕೂತರು.

ಗಾಡಿಗೆ ಕಾಗದವಿಲ್ಲದ್ದರಿಂದ ಕಾಲುವೆಯ ದಂಡೆ ಹಿಡಿದೆವು. ಸಬೀನಾ ತನ್ನ ಸ್ಕೂಟರಿನಲ್ಲಿ ಡಾಂಬರು ರಸ್ತೆಯಿಂದ ಹೇಮಗುಡ್ಡಕ್ಕೆ ಹೋದಳು. ಎರಡೂ ಕಡೆ ಭತ್ತ ಕೊಯ್ದ ಗದ್ದೆಗಳು. ಮೊದಲ ಮೂರು ಕಿಲೋಮೀಟರು ನಿಧಾನವಾಗಿ ಓಡಿಸಿ, ನಿಲ್ಲಿಸಿ, ಆರಿಸಿ, ಮತ್ತೆ ಓಡಿಸಿದೆ. ಹೊಸ ಇಂಜಿನ್ನಿಗೆ ಹಾಗೇ ಮಾಡಬೇಕು. ಉಸ್ತಾದರು ನನ್ನ ಹೆಗಲ ಮೇಲೆ ಗದ್ದವಿಟ್ಟು ಕೇಳುತ್ತಿದ್ದರು. "ಛಲೋ ಐತಿ. ಭಾಳ ಛಲೋ ಐತಿ" ಎಂದು ಎರಡು ಮೂರು ಸಲ ಅಂದರು. ಅಷ್ಟು ಸಂತೋಷದಲ್ಲಿ ನಾನು ಅವರನ್ನು ಕಂಡು ವರ್ಷಗಳಾಗಿದ್ದವು.

ದಂಡೆ ಬಿಟ್ಟು ಗುಡ್ಡದ ಕಡೆಗೆ ತಿರುಗುವಲ್ಲಿ ಒಂದು ಏರು. ಕಲ್ಲು ಮಣ್ಣಿನ ದಾರಿ, ಸುಮಾರು ಅರ್ಧ ಕಿಲೋಮೀಟರು. ಬಿಸಿಲೂ ಏರಿತ್ತು. ನಾನು ಗಾಡಿ ನಿಲ್ಲಿಸಿದೆ.

"ಉಸ್ತಾದ್ರ, ಇಲ್ಲಿ ನೂಕ್ಕೊಂಡು ಹೋಗೋಣ್ರಿ. ಇಬ್ಬರ ಭಾರ ಆಗತೈತಿ."

"ಯಾಕ? ಹೋನ್ ಹತ್ತು ಸಲ ಆಡಿಸೀಯಲ್ಲ. ಬೇಕಾದಷ್ಟು ಜಾಗಾ ಐತಿ ಒಳಗ. ಹತ್ತಸು."

ನಾನೇನು ಹೇಳಲಿ? ಆಡಿಸಿಲ್ಲ ಎಂದು ಹೇಳಲೇ? ಹೇಳುವ ಹಾಗಿರಲಿಲ್ಲ. ನನ್ನ ಗೇಜು ಸುಳ್ಳಾಡುವುದಿಲ್ಲ, ಐದು ಪಾಯಿಂಟ್ ಸಾಕು ಎಂದು ನನಗೆ ನಾನೇ ಹೇಳಿಕೊಂಡು ಎರಡನೇ ಗೇರಿಗೆ ಹಾಕಿ ಹತ್ತಿಸಿದೆ. ಅರ್ಧ ಏರು ಹತ್ತಿತ್ತು. ನನಗೆ ಇಂಜಿನ್ನಿನ ಸದ್ದಿನಲ್ಲಿ ಏನೂ ವ್ಯತ್ಯಾಸ ಕೇಳಿಸಿರಲಿಲ್ಲ.

"ಕ್ಲಚ್ ಹಿಡಿ!" ಎಂದು ಉಸ್ತಾದರು ಕಿವಿಯಲ್ಲಿ ಕೂಗಿದರು. "ಗವಿ, ಕ್ಲಚ್ ಹಿಡಿ!"

ನಾನು ಹಿಡಿಯುವಷ್ಟರಲ್ಲಿ ಮುಗಿದಿತ್ತು. ಒಳಗೆ ಏನೋ ಮುರಿದ ಸದ್ದಾಯಿತು, ಹಿಂದಿನ ಗಾಲಿ ಕಚ್ಚಿಕೊಂಡಿತು, ಇಬ್ಬರೂ ಪಕ್ಕಕ್ಕೆ ಬಿದ್ದೆವು. ಉಸ್ತಾದರಿಗೆ ಗಾಯವಾಗಲಿಲ್ಲ. ಎದ್ದು, ಬಿದ್ದ ಗಾಡಿಯ ಹತ್ತಿರ ಬಂದು ನಿಂತರು. ಕಿಕ್ ಒತ್ತಿ ನೋಡಿದೆ, ಕಲ್ಲಿನ ಹಾಗೆ ನಿಂತಿತ್ತು. ಅಲ್ಲಿಂದ ಹೇಮಗುಡ್ಡ ಕಾಣುತ್ತಿತ್ತು. ಅದರ ಬುಡದಲ್ಲಿ ಸಬೀನಾ ಕಾಯುತ್ತಿದ್ದಳು.

"ಫೋನ್ ಹಚ್ಚು ಆಕಿಗೆ," ಎಂದರು ಉಸ್ತಾದರು. "ನಿಂತತು ಅಂತ ಹೇಳು."

ಟಂಟಂ ಆಟೊ ತರಿಸಿ ಗಾಡಿಯನ್ನು ನನ್ನ ಅಂಗಡಿಗೆ ತಂದೆವು. ಸಬೀನಾ ಅಪ್ಪನ ಸಾಮಾನು ಕಟ್ಟಲು ಅವರ ಅಂಗಡಿಗೆ ಹೋದಳು. ಜಗಳವಿಲ್ಲ, ಮಾತಿಲ್ಲ, ಕರಾರು ಕರಾರೇ. ಮಧ್ಯಾಹ್ನ ಮೂರರ ಹೊತ್ತಿಗೆ ನಾನು ಇಂಜಿನ್ ಬಿಚ್ಚಿದೆ. ಉಸ್ತಾದರು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಸಿಲಿಂಡರ್ ಎತ್ತಿದೊಡನೆ ಪಿಸ್ಟನ್ನಿನ ಸುತ್ತ ಕೂರಿಸುವ ಉಕ್ಕಿನ ರಿಂಗಿನ ತುಂಡೊಂದು ಉದುರಿತು. ಅದು ಗೋಡೆಯನ್ನು ಮೇಲಿನಿಂದ ಕೆಳಗೆ ಉಗುರು ಹೋಗುವಷ್ಟು ಆಳ ಗೀರಿತ್ತು. ಇನ್ನು ಆ ಸಿಲಿಂಡರಿಗೆ ಯಾವ ಔಷಧಿಯೂ ಇಲ್ಲ. ಪಿಸ್ಟನ್ನಿನ ಮೈಮೇಲೆ ನಾಲ್ಕು ಕಡೆ ಉಜ್ಜಿದಂಥ ಗೆರೆಗಳಿದ್ದವು. ನಾಲ್ಕು ಕಡೆ ಉಜ್ಜಿದ್ದರೆ ಅರ್ಥ ಒಂದೇ. ಎಡೆ ಸಾಲಲಿಲ್ಲ, ಪಿಸ್ಟನ್ ಉಬ್ಬಿ ಗೋಡೆ ಹಿಡಿಯಿತು.

ಆದರೆ ಐದು ಪಾಯಿಂಟ್ ಬಿಟ್ಟಿದ್ದೆನಲ್ಲ.

ಪಿಸ್ಟನ್ನನ್ನು ತಿರುವಿ ಹೊಟ್ಟೆಯೊಳಗೆ ನೋಡಿದೆ. ಎರಕ ಹೊಯ್ದ ಪಿಸ್ಟನ್ನಿನ ಒಳಗೆ ಒರಟು ಇರುತ್ತದೆ, ಅಚ್ಚಿನ ಗುರುತು, ಅಂಕಿ ಇರುತ್ತವೆ. ಇದರೊಳಗೆ ಏನೂ ಇರಲಿಲ್ಲ. ನುಣ್ಣಗಿತ್ತು.

"ಅದು ಎರಕದ್ದಲ್ಲ," ಎಂದರು ಉಸ್ತಾದರು. "ಬಡಿದು ಮಾಡಿದ ಪಿಸ್ಟನ್. ರೇಸಿನ ಗಾಡಿಗೆ ಮಾಡಿದ್ದು. ಅವತ್ತು ಬಡಿದು ಕೇಳಿದ್ನೆಲ್ಲ, ದನಿಯಾಗ ಗೊತ್ತಾಗಿತ್ತು. ಗಟ್ಟಿ ಇರತೈತಿ, ಆದ್ರ ಬಿಸಿಗೆ ಜಾಸ್ತಿ ಉಬ್ಬತೈತಿ. ಅದಕ್ಕ ಐದು ಸಾಲಂಗಿಲ್ಲ, ಏಳು ಬೇಕು. ಅದಕ್ಕ ಹತ್ತು ಸಲ ಅಂದಿದ್ದೆ."

ನನ್ನ ಕೈಯಲ್ಲಿದ್ದ ಪಿಸ್ಟನ್ ಭಾರವಾಯಿತು. "ಹೇಳಬೇಕಿತ್ತಲ್ರಿ ಉಸ್ತಾದ್ರ..."

"ಕೇಳಿದ್ರ ಹೇಳ್ತಿದ್ದೆ. ನೀ ಕೇಳಲಿಲ್ಲ."

ಉದುರಿದ ರಿಂಗಿನ ತುಂಡು ನೋಡುತ್ತ ಮತ್ತೆ ಅಂದರು: "ಹತ್ತು ಸಲ ಆಡಿಸಿದ್ರ ಏಳು ಆಗಬೇಕಿತ್ತು. ನಾನ ಎಣಿಸೀನಿ. ಯಾಕ ಆಗಲಿಲ್ಲ ಅಂತ ತಿಳೀವಲ್ದು. ಲೆಕ್ಕ ತಪ್ಪಿತೇನೋ. ತಲಿ ಸಹಿತ ಹೋತೇನೋ ನಂದು."

ಕೈ ಹೋಯಿತೆಂದು ಒಪ್ಪಿದ್ದ ಉಸ್ತಾದರು ಈಗ ತಲೆಯೂ ಹೋಯಿತೆಂದು ನನ್ನ ಕಣ್ಣೆದುರಿಗೆ ನಂಬತೊಡಗಿದ್ದರು. ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ರಕ್ತದ ಗೆರೆ, ಬೆಂಚು, ಗುಜರಿ ಸಿಲಿಂಡರ್, ಎಲ್ಲ ಹೇಳಿದೆ. "ನಿಮಗ ಕೊಯ್ದದ್ದ ಗೊತ್ತಾಗಲಿಲ್ರಿ. ಬೆರಳು ಹೋಗೇತಿ, ಸುಮ್ನ ಅಂದಾಜಿಲೆ ಹೇಳಾಕತ್ತಾರ ಅಂತ ತಿಳ್ಕೊಂಡೆ. ಆಮ್ಯಾಲೆ ಅದನ್ನ ಮತ್ತ ಕೊಟ್ರ ಬರೋಬ್ಬರಿ ಅಂದ್ರಿ..." ಎಂದೆ.

ಅವರು ಸಿಟ್ಟಾಗುತ್ತಾರೆ, ಪಾನಾ ಎತ್ತಿ ಎಸೆಯುತ್ತಾರೆ ಎಂದುಕೊಂಡಿದ್ದೆ. ಹಾಗೆ ಮಾಡಿದ್ದರೆ ಎಷ್ಟೋ ವಾಸಿಯಿತ್ತು.

"ಬೆರಳು ಹೋಗಿ ಎರಡು ವರ್ಷ ಆತು ಗವಿ," ಎಂದರು. "ನೀ ಡ್ರಾಯರಿನಾಗ ಮುಚ್ಚಿಡೋ ಯಂತ್ರ ನನಗ ಗೊತ್ತಿಲ್ಲೇನು? ಬೆರಳು ಸುಮ್ನ ಒಳಗ ಇಡ್ತಿದ್ದೆ, ನಿನ್ನ ಮುಖ ನೋಡ್ತಿದ್ದೆ. ಅಳತಿ ಸರಿ ಇದ್ರ ನಿನ್ನ ಮುಖ ಒಂಥರಾ ಇರತೈತಿ, ತಪ್ಪಿದ್ರ ಒಂಥರಾ. ಎರಡು ವರ್ಷ ನಿನ್ನ ಮುಖದ ಮ್ಯಾಲ ಬಸ್ ಅಂದೀನಿ. ಅವತ್ತ ಮೊದಲ ಸಲ ನೋಡಿದಾಗ ಐದು ಬಿಟ್ಟೀಯ ಅಂತ ತಿಳೀತು. ಎರಡನೇ ಸಲ ನೋಡಿದಾಗನೂ ನಿನ್ನ ಮುಖ ಶಾಂತ ಇತ್ತು. ಹೇಳಿದ್ದು ಮಾಡ್ಯಾನ ಅಂತ ಬರೋಬ್ಬರಿ ಅಂದೆ. ಬೆರಳಿನ ಮ್ಯಾಲೆ ನಂಬಿಕಿ ಇಟ್ಟು ಅನ್ನಲಿಲ್ಲ. ನಿನ್ನ ಮ್ಯಾಲೆ ಇಟ್ಟು ಅಂದೆ."

ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಅವರ ಕಾಲು ಹಿಡಿಯಲು ಬಗ್ಗಿದೆ. ಅವರು ಮೊಣಕೈಯಿಂದ ನನ್ನನ್ನು ತಡೆದರು.

"ಸಬೀನಾಗ ಹೇಳ್ತೀನ್ರಿ. ನಂದ ತಪ್ಪು ಅಂತ ಹೇಳ್ತೀನಿ. ನೀವು ಹೇಳಿದ್ದು ಖರೇ ಇತ್ತು, ಅಂಗಡಿ ಬಂದ್ ಮಾಡೋದು ಬ್ಯಾಡ."

"ಹೇಳಬ್ಯಾಡ," ಎಂದರು. ದನಿ ಗಡುಸಾಗಿತ್ತು. "ಆಕಿಗೆ ಹೇಳಿದ್ರ ಬಜಾರಕ್ಕ ಗೊತ್ತಾಗತೈತಿ. ಲೇತ್ ಗವಿಸಿದ್ದೇಶ ಮಾಡದ ಕೆಲಸ ಮಾಡೀನಿ ಅಂತ ಸದ್ದು ಕೇಳಸ್ತಾನ ಅಂತ ಮಂದಿ ಅಂತಾರ. ಆಮ್ಯಾಲೆ ಯಾವ ಮಗ ನಿನ್ನ ಬಾಗಿಲಿಗೆ ಬರ್ತಾನ? ನನಗ ಅರವತ್ತೆಂಟು. ನಿನಗ ಇನ್ನೂ ಇಬ್ಬರು ಹೆಣ್ಣುಮಕ್ಕಳು ಸಾಲ್ಯಾಗ ಅದಾರ. ನಂದು ಆಗೇತಿ, ಬಿಡು."

ನಾನು ಬೇಡವೆನ್ನಬೇಕಿತ್ತು. ಅನ್ನಲಿಲ್ಲ. ಅವರು ಹೇಳಿದ್ದಕ್ಕೆಲ್ಲ ಹೂಂ ಅಂದು ಅಭ್ಯಾಸವಾದ ಬಾಯಿ. ಉಸ್ತಾದರ ಮಾತು ಮೀರಲಾರದೆ ಸುಮ್ಮನಾದೆ ಎಂದು ಹೇಳಿಕೊಳ್ಳಬಹುದು.

ಸಂಜೆ ಐದಕ್ಕೆ ಅವರ ಅಂಗಡಿಯ ಮುಂದೆ ಟಂಟಂ ಬಂದು ನಿಂತಿತು. ಹಾಸಿಗೆ, ಸ್ಟೋವು, ಎರಡು ಪೆಟ್ಟಿಗೆ ಪಾನಾ. ಪಾನಾಗಳನ್ನು ಯಾಕೆ ಒಯ್ಯುತ್ತೀರೆಂದು ಸಬೀನಾ ಕೇಳಲಿಲ್ಲ. ಅಕ್ಕಪಕ್ಕದ ಅಂಗಡಿಯವರು ಬಂದು ಕೈ ಕುಲುಕಿ ಹೋದರು. "ಬೆರಳು ತಪ್ಪತಂತ" ಎಂದು ಆಗಲೇ ಮಾತು ಹಬ್ಬಿತ್ತು. ಹಬ್ಬಿಸಿದವರು ಉಸ್ತಾದರೇ. ಕೇಳಿದವರಿಗೆಲ್ಲ ತಾವೇ ಹೇಳಿದ್ದರು.

ಶಟರ್ ಇಳಿಸುವ ಹೊತ್ತಿಗೆ ಸಬೀನಾ ನನ್ನನ್ನು ಪಕ್ಕಕ್ಕೆ ಕರೆದಳು.

"ಅಣ್ಣಾರ, ನನಗ ಇಂಜಿನ್ ತಿಳಿಯಂಗಿಲ್ಲ. ಅಬ್ಬಾ ತಪ್ಪು ನಂದು ಅಂತಾರ, ಆದ್ರ ನನ್ನ ಮುಖ ನೋಡವಲ್ರು. ನೀವು ಬಿಚ್ಚಿ ನೋಡೀರಿ. ಖರೇ ಹೇಳ್ರಿ. ಅವರ ಕೆಲಸದಾಗ ತಪ್ಪಿದ್ದಿಲ್ಲ ಅಂದ್ರ ನಾ ಈಗ ಟಂಟಂ ಹೊಳ್ಳಿ ಕಳಸ್ತೀನಿ. ಕೈಗೆ ಗ್ಲೌಸ್ ಹಾಕ್ಕೊಂಡು ಬೇಕಾದ್ರ ಕುಂಡ್ರಲಿ. ಒಂದು ಮಾತು ಹೇಳ್ರಿ ಸಾಕು."

ಅವಳ ಹಿಂದೆ, ಹತ್ತು ಹೆಜ್ಜೆ ಆಚೆ, ಉಸ್ತಾದರು ಶಟರಿನ ಕೊಂಡಿ ಹಿಡಿದು ನಿಂತಿದ್ದರು. ಅವಳ ಮಾತು ಅವರಿಗೆ ಕೇಳಿಸುವಷ್ಟು ದೂರದಲ್ಲೇ ಇದ್ದರು. ಅವರು ತಲೆ ಅಲ್ಲಾಡಿಸಲಿಲ್ಲ, ಕಣ್ಸನ್ನೆ ಮಾಡಲಿಲ್ಲ. ನನ್ನ ಮುಖ ನೋಡುತ್ತಿದ್ದರು. ಬೇಡವೆಂದು ಅವರು ಮಧ್ಯಾಹ್ನ ಹೇಳಿದ್ದು ನಿಜ. ಆದರೆ ಆ ಹೊತ್ತಿಗೆ ಅವರ ಕಣ್ಣಿನಲ್ಲಿ ಆಸೆ ಇತ್ತು. ನನಗೆ ಕಂಡಿತು, ಕಾಣಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ನನಗೆ ನನ್ನ ಅಂಗಡಿಯ ಬೋರ್ಡು ನೆನಪಾಯಿತು, ಮಕ್ಕಳು ನೆನಪಾದರು, ನಾಳೆ ಬೆಳಿಗ್ಗೆ ಬಾಗಿಲಿಗೆ ಬರುವ ಮೆಕ್ಯಾನಿಕ್ಕುಗಳು ನೆನಪಾದರು.

"ಹೌದು ತಂಗಿ," ಎಂದೆ. "ಉಸ್ತಾದ್ರದ ತಪ್ಪು."

ಸಬೀನಾ ಸೆರಗಿನಿಂದ ಕಣ್ಣೊರೆಸಿಕೊಂಡು, "ನೀವರ ಇದ್ದದ್ದು ಹೇಳಿದ್ರಿ ನೋಡ್ರಿ ಅಣ್ಣಾರ," ಎಂದು ನನ್ನ ಕೈ ಹಿಡಿದಳು. ಉಸ್ತಾದರು ಶಟರ್ ಎಳೆದರು. ಕೀಲಿ ಹಾಕಲು ಅವರ ಬೆರಳಿಗೆ ಆಗಲಿಲ್ಲ, ಎರಡು ಸಲ ಕೀಲಿ ಕೆಳಗೆ ಬಿತ್ತು. ಮೂರನೇ ಸಲ ನಾನು ಹೋಗಿ, ಅವರ ಕೈಯಿಂದ ಕೀಲಿ ತೆಗೆದುಕೊಂಡು, ನಾನೇ ಹಾಕಿದೆ.